ಬ್ರಾಕೆಟ್ಟಿನೊಳಗಿನ ಮಾತು

ಲೋಹ ಕೊರೆಯುವ ಮಷೀನು ಅರ್ಧ ಕೆಲಸದಲ್ಲಿ ತಾನಾಗಿಯೇ ನಿಂತಿತ್ತು. ಪ್ರೋಗ್ರಾಮಿನಲ್ಲೇ ಹಾಗೆ ಬರೆದಿತ್ತು. ಮುಂದಿನದಕ್ಕೆ ಹಸಿರು ಗುಂಡಿ ಒತ್ತಬೇಕು. ಆಪರೇಟರ್ ಮೌನಪ್ಪ ಒತ್ತಲಿಲ್ಲ.

"ಒತ್ತು ಲೇ! ಸಂಜೀಕ್ ಮಾಲು ಹೋಗಬೇಕು," ಎಂಜಿನಿಯರ್ ಚೇತನಕುಮಾರ ಕೂಗಿದ.

"ಇಲ್ಲೊಂದು ಸಾಲು ಇತ್ತು. ಎಲ್ಲಿ ಹೋತ್ರಿ?"

"ಬ್ರಾಕೆಟ್ ಎಲ್ಲಾ ಅಳಿಸೀನಿ. ಮೆಮರಿ ತುಂಬಿತ್ತು. ಹೆಂಗೂ ಅವನ್ನ ಮಷೀನು ಓದಂಗಿಲ್ಲ."

"ನಾ ಓದ್ತೀನಲ್ರಿ!"

ಪಕ್ಕದ ಲೇತಿನವರು ತಿರುಗಿ ನೋಡಿದರು.

ಬಾಲಾನಗರದ ಆ ವರ್ಕ್‌ಶಾಪಿಗೆ ಮೂರು ವರ್ಷ ಪ್ರೋಗ್ರಾಮು ಬರೆದವಳು ಉಮಾಬಾಯಿ. ಮಷೀನಿಗೆ ಅಂಕಿಗಳು; ಪಕ್ಕದಲ್ಲಿ, ಬ್ರಾಕೆಟ್ಟಿನೊಳಗೆ, ಮನುಷ್ಯನಿಗೆ ಒಂದು ಮಾತು. ಅದೂ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ: 'ಇಲ್ಲಿ ನಿಂದರು. ಎಡಗಡೆ ಕ್ಲಾಂಪ್ ಬಿಚ್ಚು. ಬಿಸಿ ಇರ್ತೈತಿ, ಕೈ ಜ್ವಾಕಿ.' ಏಳನೇ ತರಗತಿಗೆ ಶಾಲೆ ಬಿಟ್ಟ ಮೌನಪ್ಪ ಆ ಅಕ್ಷರ ಕಲಿತದ್ದೇ ಈ ಪರದೆಯ ಮೇಲೆ. ಒಂದು ಕೀಲಿ ಒತ್ತಿದರೆ ಬ್ರಾಕೆಟ್ಟಿನ ಮಾತುಗಳನ್ನಷ್ಟೇ ಆರಿಸಿ ಪ್ರಿಂಟರು ಹಾಳೆ ಕೊಡುವಂತೆಯೂ ಅವಳು ಮಾಡಿಟ್ಟಿದ್ದಳು.

"ಬ್ಯಾರೆ ವಹಿಯಾಗ ಬರದ್ರ ಅಲ್ಲೇ ಹಳಸ್ತೈತಿ ಮೌನಪ್ಪ. ಪ್ರೋಗ್ರಾಮಿನ ಹೊಟ್ಟ್ಯಾಗ ಬರದ್ರ, ಅದನ್ನ ತಿದ್ದಾವ ಇದನ್ನೂ ತಿದ್ದತಾನ," ಎನ್ನುತ್ತಿದ್ದಳು. ಪ್ರತಿ ಮಾತಿನ ಕೊನೆಗೆ ತನ್ನ ಹೆಸರು ಹಾಕುತ್ತಿದ್ದಳು. "ತಪ್ಪಿದ್ರ ಬೈಯಾಕ ಒಬ್ಬರು ಬೇಕಲ್ಲ!"

ಓದಿದವರೆಲ್ಲ ಸಾಫ್ಟ್‌ವೇರಿನ ಕಡೆ ಹರಿಯುತ್ತಿದ್ದ ಕಾಲ. ಅವಳೂ ಮಣಿಕೊಂಡದ ಹತ್ತಿರದ ಕಂಪನಿಯೊಂದಕ್ಕೆ ಹೋಗಿದ್ದಳು.

"ಮಷೀನಿನ ಬಾಗಲಿಗೆ ಆಕಿ ಅಂಟಿಸಿದ ಹಾಳಿ ಐತಲ್ಲ," ಎಂದ ಚೇತನಕುಮಾರ. "ಎಡಗಡೆ ಬಿಚ್ಚು ಅಂತೈತಿ. ಬಿಚ್ಚು, ಒತ್ತು."

"ಆ ಹಾಳಿ ಹಳೇದ್ರಿ. ಮುಂಜಾನಿ ಹೊಸಾ ಡ್ರಾಯಿಂಗ್ ಅಂತ ಪ್ರೋಗ್ರಾಮ್ ಎಡಾ ಬಲಾ ತಿರುವಿದಾವ್ರು ನೀವ."

"ಏಳನೇತ್ತೆ ಓದಿದಾವ ನನಗ ಕಲಿಸಾಕತ್ತಿ? ತಾಯಪ್ಪನ ಹಿಂದ ಗೇಟಿನ ಹೊರಗ ಹೋಗ್ತಿ ನೋಡು."

ಹೋದ ತಿಂಗಳು ಕೊರೆಯುವ ಟೂಲು, ತುಂಡನ್ನು ಬಿಗಿದು ಹಿಡಿಯುವ ಕ್ಲಾಂಪಿಗೆ ಬಡಿದು ಮುರಿದಿತ್ತು. ಆಪರೇಟರ್ ತಾಯಪ್ಪನ ಕೆಲಸ ಹೋಗಿತ್ತು. ಪ್ರೋಗ್ರಾಮು ತಿದ್ದಿದವರ ಹೆಸರು ಎಲ್ಲಿಯೂ ಇರಲಿಲ್ಲ.

"ಹಂಗಾರ ನೀವ ಒತ್ರಿ." ಮೌನಪ್ಪ ಹಿಂದೆ ಸರಿದ.

ಚೇತನಕುಮಾರ ಬೆರಳು ಚಾಚಿದ. ಒತ್ತುವ ಮೊದಲು, ಯಾಕೋ, ಗಾಜಿಗೆ ಮುಖ ಹಚ್ಚಿ ಬಗ್ಗಿ ನೋಡಿದ. ಟೂಲಿನ ಮೂತಿ ಬಲಗಡೆಯ ಕ್ಲಾಂಪಿಗೆ ನೇರ ಎದುರಾಗಿ ನಿಂತಿತ್ತು. ಬೆರಳು ಹಿಂದಕ್ಕೆ ಬಂತು. ಒಳಗೆ ಕೂಲಂಟ್ ಎಣ್ಣೆ ತೊಟ್ಟಿಕ್ಕುವುದು ಕೇಳಿಸುತ್ತಿತ್ತು.

"ಮೆಮರಿಗೆ ಏನ್ ಮಾಡೂಣು?" ದನಿ ಇಳಿದಿತ್ತು.

"ಹ್ವಾದ ವರ್ಷದ ಜಾಬಿನ ಪ್ರೋಗ್ರಾಮ್ ಅಳಸ್ರಿ. ಮಾತು ಅಳಸಬ್ಯಾಡ್ರಿ."

ಮೌನಪ್ಪ ಬಲಗಡೆಯ ಕ್ಲಾಂಪು ಬಿಚ್ಚಿಟ್ಟ. ಬಾಗಿಲಿನ ಹಾಳೆಯನ್ನು ಹರಿಯದಂತೆ ಬಿಡಿಸಿ ಮಡಚಿ ಜೇಬಿಗೆ ಹಾಕಿಕೊಂಡ. ಆಮೇಲೆ ಕೀಲಿಗಳ ಮುಂದೆ ನಿಂತು, ಒಂದೇ ಬೆರಳಿನಿಂದ, ಬ್ರಾಕೆಟ್ ತೆರೆದ. ಇಲ್ಲಿ ನಿಂದರು. ಬಲಗಡೆ ಕ್ಲಾಂಪ್ ಬಿಚ್ಚು. ಬಿಸಿ ಇರ್ತೈತಿ, ಕೈ ಜ್ವಾಕಿ.

ಪರದೆಯ ಮೇಲೆ ಹಸಿರು ಗೆರೆ ಮಿಣುಕುತ್ತ ಕಾಯುತ್ತಿತ್ತು. ಅವನು ಎಣ್ಣೆಯ ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡು, ಒಂದೊಂದೇ ಅಕ್ಷರ ಹುಡುಕಿ ತನ್ನ ಹೆಸರು ಒತ್ತಿದ. ಬ್ರಾಕೆಟ್ ಮುಚ್ಚಿದ.