ಸವಳು ನೀರಿನ ಮೀನು

ಜಲಾಲುದ್ದೀನ ಮುನಶಿಯ ಮನೆಯಲ್ಲಿ ಮೀನಿನ ಪೆಟ್ಟಿಗೆ ಇದೆ ಎಂಬುದು ಸುರಪುರದ ಅರ್ಧ ಊರಿಗೆ ಗೊತ್ತಿತ್ತು. ಮಿಠಾಯಿ ಅಂಗಡಿಯೊಂದು ಮುಚ್ಚಿದಾಗ ಅದರ ಗಾಜಿನ ಪೆಟ್ಟಿಗೆಯನ್ನು ತಂದು, ಸಂದಿಗೆಲ್ಲ ಡಾಂಬರು ಮೆತ್ತಿ, ನೀರು ತುಂಬಿ ಕೆರೆಯ ಸಣ್ಣ ಮೀನು ಬಿಟ್ಟುಕೊಂಡಿದ್ದ. ಮೂವತ್ತು ವರ್ಷ ಉರ್ದುವಿನಲ್ಲಿ ಕಚೇರಿಯ ಕಾಗದ ಬರೆದವನು ಅವನು. ನಿಜಾಮರ ಆಳಿಕೆ ಮುಗಿದು ಎಂಟು ವರ್ಷಕ್ಕೆ ಸೀಮೆ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಕಾಗದಗಳು ಕನ್ನಡಕ್ಕೆ ತಿರುಗಿದವು. ಕನ್ನಡ ಆಡಲು ಬರುತ್ತಿತ್ತು, ಬರೆಯಲು ಬಾರದು. ಕೆಲಸ ಕಡಿಮೆಯಾಗಿ ಮನೆಗೆ ಬೇಗ ಬರುತ್ತಿದ್ದ.

ಮರುವರ್ಷ ದಸರೆಯ ರಜೆಗೆ ಬಸವಂತರಾಯ ಊರಿಗೆ ಬಂದ. ಅದೇ ಕಚೇರಿಯ ಗುಮಾಸ್ತ, ಕುಮಟೆಗೆ ವರ್ಗವಾಗಿ ಹೋಗಿದ್ದವನು. ಮುಚ್ಚಳಕ್ಕೆ ತೂತು ಕೊರೆದ ಡಬ್ಬಿಯೊಂದನ್ನು ಎರಡು ದಿನ ಬಸ್ಸು ರೈಲುಗಳಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಿದ್ದ. ಒಳಗೆ ಐದು ಮೀನು. ಬೆರಳುದ್ದ, ಅರಿಸಿನದ ಬಣ್ಣ, ಮೈತುಂಬ ಕೆಂಪು ಚುಕ್ಕಿ.

“ಹೊಳಿ ಹೋಗಿ ಸಮುದ್ರಕ್ಕ ಕೂಡ್ತದಲ್ರಿ, ಅಲ್ಲಿ ಇರ್ತಾವ ಇವು. ಆ ನೀರು ಪೂರ್ತಿ ಸಿಹಿ ಅಲ್ಲ, ಪೂರ್ತಿ ಉಪ್ಪೂ ಅಲ್ಲ,” ಎಂದು ಹೇಳಿ ರಜೆ ಮುಗಿಸಿಕೊಂಡು ಹೋದ.

ಮುನಶಿ ಕೆರೆಯ ಮೀನುಗಳನ್ನು ಕೆರೆಗೇ ಬಿಟ್ಟುಬಂದು ಹೊಸಬರಿಗೆ ಜಾಗ ಮಾಡಿದ. ಎಂಟು ದಿನದಲ್ಲಿ ಅವುಗಳ ರೆಕ್ಕೆಗೆ ಅರಳೆಯಂಥ ಬಿಳಿ ಹತ್ತಿಕೊಂಡಿತು. ಮೇವು ಬಿಟ್ಟವು. ಬಸವಂತರಾಯನ ಮಾತು ನೆನಪಾಗಿ ಅಡುಗೆಮನೆಯಿಂದ ಒಂದು ಮುಷ್ಟಿ ಉಪ್ಪು ತಂದು ಒಮ್ಮೆಗೇ ಹಾಕಿಬಿಟ್ಟ. ಮಧ್ಯಾಹ್ನದೊಳಗೆ ಒಂದು ಮೀನು ಸತ್ತು ತೇಲಿತು. ಗಾಬರಿಯಿಂದ ನೀರು ಬದಲಿಸಿ, ಊಟಕ್ಕೂ ಏಳದೆ ಪೆಟ್ಟಿಗೆಯ ಮುಂದೆ ಕೂತ.

ಹೆಂಡತಿ ನಜೀಮಾ ತಟ್ಟೆ ತೆಗೆದಿಡುತ್ತ, ಪಕ್ಕದ ಮಲ್ಲಿಕಮ್ಮನ ಬಾವಿಯ ನೀರು ಸವಳೇ, ಅರೆ ಉಪ್ಪೇ ಅಲ್ಲವೇ, ಕೇಳಿ ತರಬಾರದೇಕೆ ಎಂದಳು.

ಒಂಬತ್ತು ವರ್ಷದಿಂದ ಆ ಮನೆಗೂ ಈ ಮನೆಗೂ ಮಾತಿರಲಿಲ್ಲ. ನಿಜಾಮರ ಆಳಿಕೆಯ ಕೊನೆಯ ಗಡಬಡಿಯ ವರ್ಷ ಮಲ್ಲಿಕಮ್ಮನ ಗಂಡ ಅಯ್ಯಣ್ಣನನ್ನು ಯಾವುದೋ ಅನುಮಾನದ ಮೇಲೆ ಪೊಲೀಸರು ಹಿಡಿದು ಒಳಗೆ ಹಾಕಿದ್ದರು. ಆಗ ಅರ್ಜಿ ಎಂದರೆ ಉರ್ದುವಿನಲ್ಲೇ ಬರೆಯಬೇಕು. ಮಲ್ಲಿಕಮ್ಮ ಮುನಶಿಯ ಬಾಗಿಲಿಗೆ ಬಂದು ನಾಲ್ಕು ಸಾಲು ಬರೆದುಕೊಡಿ ಎಂದು ಕೇಳಿದಳು. ಬರೆದರೆ ತನ್ನ ಮೇಲೆ ಬಂದೀತು ಎಂಬ ಅಂಜಿಕೆಗೆ ಅವನು, ಜ್ವರ ಬಂದಿದೆ, ಕೈ ನಡುಗುತ್ತಿದೆ ಎಂದು ಬಾಗಿಲು ಹಾಕಿಕೊಂಡ. ಮೂರು ತಿಂಗಳ ಮೇಲೆ ಅಯ್ಯಣ್ಣ ಕಾಲೆಳೆಯುತ್ತ ಮನೆಗೆ ಬಂದ.

ಮರುದಿನ ಮುಂಜಾನೆ ಮುನಶಿ ತಾನೇ ಕೊಡ ಹಿಡಿದು ಹೋದ. ಮಲ್ಲಿಕಮ್ಮ ಅಂಗಳ ಗುಡಿಸುತ್ತಿದ್ದಳು.

“ಅಕ್ಕಾರ, ಒಂದು ಕೊಡ ನೀರು ಬೇಕಾಗಿತ್ರಿ.”

ಅವಳು ಸೊಂಟ ನೆಟ್ಟಗೆ ಮಾಡಿ ಕೊಡವನ್ನೂ ಅವನನ್ನೂ ನೋಡಿದಳು. “ಇದು ಕುಡಿಲಿಕ್ಕ ಬರಂಗಿಲ್ರಿ.”

“ಕುಡಿಲಿಕ್ಕಲ್ರಿ. ಮೀನಿಗ್ರಿ.”

“ಹಗ್ಗ ಅಲ್ಲೇ ಅದ. ಸೇದಿಕೊಳ್ರಿ,” ಎಂದು ಮತ್ತೆ ಗುಡಿಸತೊಡಗಿದಳು.

ಸಿಹಿನೀರಿಗೆ ಆ ನೀರನ್ನು ದಿನಕ್ಕಿಷ್ಟು ಬೆರೆಸುತ್ತ ಬಂದ. ವಾರದಲ್ಲಿ ಬಿಳಿ ಕರಗಿತು. ಎರಡು ವಾರಕ್ಕೆ ನಾಲ್ಕೂ ಮೀನು ಕೈ ಕಂಡರೆ ಓಡಿಬರುವಂತಾದವು. ಒಂದು ದಿನ ಜೋಡಿಯೊಂದು ಹಂಚಿನ ಚೂರನ್ನು ಬಾಯಿಂದ ಉಜ್ಜಿ ಉಜ್ಜಿ ಹಸನು ಮಾಡಿ ಅದರ ಮೇಲೆ ತತ್ತಿ ಇಟ್ಟಿತು. ಮುನಶಿ ಉಳಿದೆರಡನ್ನು ಬೇರೆ ಪಾತ್ರೆಗೆ ತೆಗೆದ. ಅಂದು ನೀರು ಸೇದುವಾಗ ತಡೆಯಲಾರದೆ ಮಲ್ಲಿಕಮ್ಮನಿಗೆ ಅದನ್ನು ಹೇಳಿದ. ಸಂಜೆ ಅವಳು ಬಂದಳು. ಹೊಸ್ತಿಲಲ್ಲಿ ನಿಂತವಳನ್ನು ನಜೀಮಾ ಕೈ ಹಿಡಿದು ಒಳಗೆ ಕರೆದುಕೊಂಡಳು.

ಹೆಣ್ಣು ಮೀನು ತತ್ತಿಯ ಮೇಲೆ ರೆಕ್ಕೆ ಬೀಸುತ್ತಿತ್ತು. ಅದು ದಣಿದು ಸರಿದರೆ ಗಂಡು ಬಂದು ಬೀಸುತ್ತಿತ್ತು. ಮಲ್ಲಿಕಮ್ಮ ಪೆಟ್ಟಿಗೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ನೋಡಿದಳು.

“ಪಾಳಿ ಹಚ್ಚಿ ಕಾಯಾಕತ್ತಾವಲ್ರಿ,” ಎಂದಳು.

“ಅಕ್ಕಾರ,” ಎಂದ ಮುನಶಿ. “ಅವತ್ತು ನನಗ ಜ್ವರ ಇರಲಿಲ್ಲ.”

ಅವಳು ಕಣ್ಣು ತಿರುಗಿಸಲಿಲ್ಲ. “ಗೊತ್ತಿತ್ರಿ.”

“ಅಂಜಿಕಿ ಆಗಿತ್ತು.”

“ನಮಗೂ ಆಗಿತ್ತು.”

ಎದ್ದು ಹೋಗುತ್ತಾಳೆಂದು ಮುನಶಿ ಕಾದ. ಅವಳು ಏಳಲಿಲ್ಲ. ನಜೀಮಾ ತಂದಿಟ್ಟ ಚಹಾವನ್ನು ಆರಿಸಿ ಆರಿಸಿ ಕುಡಿದಳು. ಹೊರಡುವಾಗ, “ನಾಳಿ ನಮ್ಮ ಮನಿಯವ್ರನ್ನ ಕರ್ಕೊಂಡು ಬರ್ತೀನ್ರಿ. ಅವರೂ ನೋಡ್ಲಿ,” ಎಂದಳು.

ಆ ರಾತ್ರಿ ಮುನಶಿ ಸರಿಯಾಗಿ ಮಲಗಲಿಲ್ಲ. ಆದರೆ ಅಯ್ಯಣ್ಣ ಬಂದವನು ಹಳೆಯದನ್ನು ಎತ್ತಲಿಲ್ಲ. ಕೋಲು ಗೋಡೆಗೆ ಒರಗಿಸಿ, ಕಾಲು ಚಾಚಿ ಕೂತು, ಇವು ಏನು ತಿನ್ನುತ್ತವೆ, ಎಷ್ಟು ದೊಡ್ಡವಾಗುತ್ತವೆ ಎಂದು ಒಂದೊಂದೇ ಕೇಳಿದ. ಒಮ್ಮೆ ಮಾತ್ರ ಮುನಶಿಯ ಮುಖವನ್ನು ನೇರ ನೋಡಿ, “ಬಾಳ ಸೊರಗೀರಿ ಮುನಶಿಯವರ,” ಎಂದ.

ನಾಲ್ಕನೆಯ ದಿನ ತತ್ತಿ ಒಡೆದವು. ಇನ್ನೊಂದು ವಾರಕ್ಕೆ ಸಾಸಿವೆಯಷ್ಟಿದ್ದ ಮರಿಗಳು ಈಜತೊಡಗಿ, ತಾಯಿತಂದೆಯ ಮೈಗೇ ಬಾಯಿ ಹಚ್ಚಿ ಏನನ್ನೋ ಮೇಯುತ್ತಿದ್ದವು. ಎಷ್ಟೋ ಸತ್ತವು, ಇಪ್ಪತ್ತರಷ್ಟು ಉಳಿದವು. ಚಳಿಗಾಲ ಕಳೆದು ಮರಿಗಳಿಗೆ ಕೆಂಪು ಚುಕ್ಕಿ ಮೂಡಿದಾಗ ಅಯ್ಯಣ್ಣ ತನ್ನ ಬಾವಿಯ ಬದಿಯ ಕಲ್ಲಿನ ತೊಟ್ಟಿಯನ್ನು ತಿಕ್ಕಿ ತೊಳೆದು, ಹೊಸ ನೀರು ತುಂಬಿಸಿ, ಬೇಲಿಯಾಚೆಯಿಂದ ಕೂಗಿದ. ಮುನಶಿ ಆರು ಮರಿಗಳನ್ನು ಚೆರಿಗೆಯಲ್ಲಿ ಹಿಡಿದುಕೊಂಡು ಹೋದ. ಇಬ್ಬರೂ ತೊಟ್ಟಿಯ ಅಂಚಿಗೆ ಕೂತು ಒಂದೊಂದನ್ನೇ ನೀರಿಗೆ ಬಿಟ್ಟರು.