ಹದಿಮೂರು ಗಂಟಿನ ಅಂಚು

ನಾನು ಒಂದು ಕೈವಾರ. ಹಿತ್ತಾಳೆಯ ತಲೆ, ಉಕ್ಕಿನ ಎರಡು ಕಾಲು. ಹೈದರಾಬಾದಿನ ಒಂದು ಇಕ್ಕಟ್ಟಾದ ಕಾರ್ಖಾನೆಯಲ್ಲಿ ಅರದಿಂದ ಉಜ್ಜಿ ಉಜ್ಜಿ ನನ್ನ ಕಾಲುಗಳನ್ನು ಚೂಪು ಮಾಡಿದರು.

ನನ್ನ ಮೊದಲ ಯಜಮಾನರು ಬೀದರಿನ ನಕ್ಷೆಗಾರ ವಿಠಲರಾವ್. ಅವರ ಕೈಯಲ್ಲಿ ಹೊಲ, ಬಾವಿ, ದಾರಿಗಳ ದೂರ ಅಳೆದೆ. ನಿವೃತ್ತರಾದ ಮೇಲೆ ಅವರು ನನ್ನನ್ನು ನೆರೆಮನೆಯ ಮೈನೋದ್ದೀನರಿಗೆ ಕೊಟ್ಟರು. ಮೈನೋದ್ದೀನರು ಬಿದ್ರಿ ಕೆಲಸದವರು. ಅಲ್ಲಿ ನನ್ನ ಹೆಸರೇ ಬದಲಾಯಿತು. ಎಲ್ಲರೂ ಪರ್ಕಾರ್ ಎಂದರು. ಮೆತ್ತಗಿನ ಕಾಗದ ಹೋಗಿ ತಣ್ಣನೆಯ ಲೋಹ ಬಂತು. ಮಗಳು ರಬಿಯಾ ನನ್ನಿಂದ ತಟ್ಟೆಯ ಮೇಲೆ ಚಿತ್ತಾರ ಗೀರುತ್ತಿದ್ದಳು. ತಂದೆ ಆ ಗೀರನ್ನು ಉಳಿಯಿಂದ ಕೊರೆದು ಬೆಳ್ಳಿ ತಂತಿ ಕೂರಿಸುತ್ತಿದ್ದರು. ಗೀರು ತಪ್ಪಿದರೆ ಉಜ್ಜಿ ಅಳಿಸಬಹುದು. ಕೊರೆದದ್ದು ತಪ್ಪಿದರೆ ತಟ್ಟೆಯೇ ಹೋಯಿತು.

ಒಂದು ಸೋಮವಾರ ಎಸ್ತರಮ್ಮ ಬಂದರು. ಮಿಷನ್ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು. ಕೈಯಲ್ಲೊಂದು ಮಸುಕಾದ ಫೋಟೊ. ಆಸ್ಪತ್ರೆಯ ಹಿಂದಿರುವ, ಐರ್ಲೆಂಡಿನ ನರ್ಸೊಬ್ಬರ ಸಮಾಧಿಕಲ್ಲು ಅದು. ಕಲ್ಲಿನ ಮೇಲೆ ದುಂಡಗಿನ ಅಂಚು. ಎರಡು ಎಳೆಗಳು ಒಮ್ಮೆ ಮೇಲೆ ಹಾಯ್ದು ಒಮ್ಮೆ ಕೆಳಗೆ ನುಸುಳಿ ಹೆಣೆದುಕೊಂಡಿದ್ದವು. ಅರ್ಧ ಸವೆದುಹೋಗಿತ್ತು.

“ಸಣ್ಣವರಿದ್ದಾಗ ನಾನೂ ನನ್ನ ತಂಗಿ ರೂತೂ ಇದರ ಮ್ಯಾಲ ಬೆರಳು ಓಡಿಸ್ತಿದ್ವಿ. ನೋಡಲಿಕ್ಕ ಎರಡು ಎಳಿ, ಆದ್ರ ಒಂದೇ ಅದ. ಎಲ್ಲಿ ಹಿಡಿದ್ರೂ ಎಲ್ಲಾ ಕಡಿ ಸುತ್ತಿ ಅಲ್ಲಿಗೇ ಬರ್ತದ. ತಟ್ಟಿ ಅಂಚಿಗಿ ನನಗ ಹಂಗೇ ಬೇಕವ್ವಾ,” ಎಂದರು.

ತಾಯಿ ತೀರಿಕೊಂಡ ದಿನ ಬಾಯಿ ಜಾರಿ ಬಂದ ಒಂದು ಮಾತಿಗೆ ಅಕ್ಕತಂಗಿ ಮಾತು ಬಿಟ್ಟಿದ್ದರು. ವರ್ಷಗಳೇ ಕಳೆದಿದ್ದವು. ಶುಕ್ರವಾರ ರೂತ್ ಸೊಲ್ಲಾಪುರದಿಂದ ಬರುವವರಿದ್ದರು. ಎದುರು ನಿಂತಾಗ ಏನು ಹೇಳುವುದೆಂದು ತಿಳಿಯದೆ ಎಸ್ತರಮ್ಮ ಈ ತಟ್ಟೆ ಮಾಡಿಸುತ್ತಿದ್ದರು.

ರಬಿಯಾ ನನ್ನ ಒಂದು ಕಾಲನ್ನು ತಟ್ಟೆಯ ನಡುವೆ ಊರಿ ಒಂದರೊಳಗೊಂದು ವೃತ್ತ ಎಳೆದಳು. ಕಲ್ಲಿನಲ್ಲಿ ಎಳೆಗಳು ಒಂದನ್ನೊಂದು ದಾಟುವ ಗಂಟುಗಳು ಎಷ್ಟಿದ್ದವೆಂದು ಫೋಟೊದಲ್ಲಿ ತಿಳಿಯುತ್ತಿರಲಿಲ್ಲ. ಹನ್ನೆರಡು ಮಾಡಿದಳು. ಹನ್ನೆರಡು ನನಗೆ ಸಲೀಸು: ವೃತ್ತ ಎಳೆದ ಅಗಲದಲ್ಲೇ ಆರು ಹೆಜ್ಜೆಗೆ ಸುತ್ತು ಮುಗಿಯುತ್ತದೆ, ಪ್ರತಿ ಹೆಜ್ಜೆಯನ್ನು ಅರ್ಧ ಮಾಡಿದರಾಯಿತು. ನಡುವಿನಿಂದ ರೂಲರ್ ಹಿಡಿದು ಗೆರೆ ಎಳೆದಳು, ಗೆರೆಯಿಂದ ಗೆರೆಗೆ ಕಮಾನು ಬಾಗಿಸಿದಳು. ಅಂಚು ಚೆಂದ ಬಂತು.

ಬುಧವಾರ ಮೈನೋದ್ದೀನರು ಉಳಿ ಊರಿ ಸುತ್ತಿಗೆ ಎತ್ತಿದರು.

“ನಿಲ್ರಿ ಅಬ್ಬಾ!”

ರಬಿಯಾ ಪೊರಕೆಕಡ್ಡಿಯೊಂದನ್ನು ಎಳೆಯ ಮೇಲೆ ಓಡಿಸುತ್ತಿದ್ದಳು. ಕಡ್ಡಿ ಒಂದೇ ಸುತ್ತಿಗೆ ಹೊರಟಲ್ಲಿಗೆ ಬಂದುಬಿಟ್ಟಿತು. ಇನ್ನೊಂದು ಎಳೆಯ ಮೇಲೆ ಅದು ಹೋಗಲೇ ಇಲ್ಲ. ಅವು ಬೇರೆ ಬೇರೆ ಎರಡು ಬಳೆಗಳಾಗಿದ್ದವು. ಹೆಣೆದುಕೊಂಡೇ ಇದ್ದವು, ಕೂಡಿರಲಿಲ್ಲ.

“ಯಾರಿಗಿ ಕಾಣ್ತದ ಬೇಟಿ? ಉಳಿದದ್ದೇ ಎರಡು ದಿನ.”

“ತಂಗಿ ಬೆರಳಿಟ್ಟು ನೋಡ್ತಾರ ಅಬ್ಬಾ. ನೋಡೇ ನೋಡ್ತಾರ.”

ಮೈನೋದ್ದೀನರು ಸುತ್ತಿಗೆಯನ್ನು ಕೆಳಗಿಟ್ಟರು. ಆಮೇಲೆ ತಾವೇ ಗೀರುಗಳನ್ನು ಉಜ್ಜಿ ಅಳಿಸಿದರು.

ಗಂಟುಗಳು ಸರಿಸಂಖ್ಯೆಯಾದರೆ ಎಳೆಗಳು ಬೇರೆಯಾಗೇ ಉಳಿಯುತ್ತವೆ, ಬೆಸವಾದರೆ ಕೂಡುತ್ತವೆ; ಒಂದು ಗಂಟು ಹೆಚ್ಚಾಗಬೇಕಿತ್ತು. ಹದಿಮೂರಕ್ಕೆ ನನ್ನಲ್ಲಿ ಸಿದ್ಧವಾದ ಅಳತೆಯಿಲ್ಲ. ರಬಿಯಾ ಕಾಗದದ ಮೇಲೆ ಅಷ್ಟೇ ದೊಡ್ಡ ವೃತ್ತ ಬರೆದು ನನ್ನನ್ನು ಹೆಜ್ಜೆ ಹೆಜ್ಜೆಯಾಗಿ ನಡೆಸಿದಳು. ಕೊನೆಯ ಹೆಜ್ಜೆ ಮುಂದೆ ಹೋಯಿತು. ಕಾಲುಗಳ ಅಂತರ ಕಿರಿದು ಮಾಡಿದಳು. ಈಗ ಹಿಂದೆ ಉಳಿಯಿತು. ಮತ್ತೆ ಅಗಲಿಸಿದಳು. ಮಧ್ಯಾಹ್ನದ ಊಟ ಆರಿಹೋಯಿತು. ಕಡೆಗೆ ಅಳತೆ ಕೂಡಿತು ಎನ್ನುವಾಗ ನನ್ನ ತಲೆಯ ತಿರುಪು ಸಡಿಲಾಗಿ ಕಾಲು ಜಾರಿತು. ರಬಿಯಾಳ ಕಣ್ಣು ತುಂಬಿತು. ತಂದೆ ನನ್ನನ್ನು ತೆಗೆದುಕೊಂಡು ತಿರುಪನ್ನು ಬಿಗಿದರು. ತಲೆ ಸಿಡಿಯುವುದೇನೋ ಎನ್ನಿಸಿತು ನನಗೆ.

ಮತ್ತೆ ಅಳತೆ ಕೂಡಿಸಿ ಲೋಹದ ಮೇಲೆ ಇಳಿಸಿದಳು. ತಂದೆ ಎರಡೂ ಕೈಯಿಂದ ತಟ್ಟೆ ಹಿಡಿದರು. ನಾನೂ ಕಾಲು ಅಲುಗಿಸಲಿಲ್ಲ. ಹದಿಮೂರನೆಯ ಹೆಜ್ಜೆ ಮೊದಲ ಚುಕ್ಕೆಯೊಳಗೇ ಇಳಿಯಿತು.

“ಕೂಡ್ತು,” ಎಂದರು ಮೈನೋದ್ದೀನರು. ಅಲ್ಲಿಂದ ಶುಕ್ರವಾರ ಬೆಳಗಿನವರೆಗೆ ಸುತ್ತಿಗೆಯ ಸದ್ದು ಬಿಡುವಿಲ್ಲದೆ ಕೇಳಿತು.

ಶುಕ್ರವಾರ ಎಸ್ತರಮ್ಮ ತಂಗಿಯನ್ನು ಬಸ್‌ಸ್ಟ್ಯಾಂಡಿನಿಂದ ನೇರ ಇಲ್ಲಿಗೇ ಕರೆತಂದರು. ಇಬ್ಬರ ನಡುವೆ ಒಬ್ಬರು ನಿಲ್ಲುವಷ್ಟು ಜಾಗವಿತ್ತು. ರಬಿಯಾ ತಟ್ಟೆಯನ್ನು ಮುಂದಿಟ್ಟಳು. ರೂತ್ ಬಹಳ ಹೊತ್ತು ನೋಡಿ ಬೆರಳಿಟ್ಟರು. ಬೆರಳು ಮೇಲೆ ಹಾಯ್ದು, ಕೆಳಗೆ ನುಸುಳಿ, ಸುತ್ತು ಮುಗಿಸಿ, ಹೊರಟ ಜಾಗದ ಪಕ್ಕದ ಎಳೆಗೆ ಬಂತು. ಅಲ್ಲಿ ನಿಂತಿತು. ಅವರು ಬೆರಳು ಎತ್ತುತ್ತಾರೆಂದು ರಬಿಯಾ ಮುಖ ತಿರುಗಿಸಿದಳು.

“ಎತ್ತಬ್ಯಾಡ ರೂತಾ,” ಎಂದರು ಎಸ್ತರಮ್ಮ. “ಇನ್ನೊಂದು ಸುತ್ತು ಅದ.”

ರೂತ್ ತಲೆ ಎತ್ತಲಿಲ್ಲ. “ಗೊತ್ತದ ಅಕ್ಕಾ.”

ಬೆರಳು ಮತ್ತೆ ಹೊರಟಿತು.

ಈಗ ನನಗೆ ವಯಸ್ಸಾಗಿದೆ. ಅರ ಹಾಕಿಸಿಕೊಂಡು ಒಂದು ಕಾಲು ಗಿಡ್ಡವಾಗಿದೆ. ಮೈನೋದ್ದೀನರು ಇಲ್ಲ, ರಬಿಯಾಳೇ ಗೀರುತ್ತಾಳೆ, ಅವಳೇ ಕೊರೆಯುತ್ತಾಳೆ. ಹೊಸ ಪರ್ಕಾರ್ ಬಂದಿದೆ. ನಾನು ಕಿಟಕಿಯ ಬಳಿ, ಸವೆದ ಉಳಿಗಳ ಜೊತೆ ಡಬ್ಬಿಯಲ್ಲಿದ್ದೇನೆ. ನನ್ನಿಂದ ಗೀರಿದ ಕೆಲವು ಹಳೆಯ ತಟ್ಟೆಗಳು ಈಗಲೂ ಎದುರಿನ ಗೋಡೆಗೆ ಒರಗಿವೆ. ನಾನು ಕಾಲೂರಿದ್ದ ನಡುಚುಕ್ಕೆ ಯಾವುದರಲ್ಲೂ ಕಾಣುವುದಿಲ್ಲ. ಅದರ ಮೇಲೊಂದು ಬೆಳ್ಳಿಯ ಹೂವು ಕೂತಿರುತ್ತದೆ. ಚುಕ್ಕೆ ಅದರ ಕೆಳಗೇ ಇದೆಯೆಂದು ನನಗೆ ಗೊತ್ತು. ಅಷ್ಟು ಸಾಕು.