ಕೀಳದೆ ಬಿಟ್ಟ ಮೊಳೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದವರು ಎಂದೂ ಬಾಡಿಗೆ ಮನೆ ಹುಡುಕಿದವರಲ್ಲ. ಹುಡುಕಿದ್ದರೆ ಗಾದೆಗೆ ಮೂರನೆಯದೊಂದು ಮಾತು ಸೇರುತ್ತಿತ್ತು. ಬೈಲಹೊಂಗಲದಲ್ಲಿ ಖಾಲಿ ಮನೆಗಳಿಗೇನೂ ಬರವಿಲ್ಲ. ಬಾಗಿಲಿಗೆ ಬೀಗ, ಬೀಗದ ಮೇಲೊಂದು ಫೋನ್ ನಂಬರು. ಫೋನ್ ಹಚ್ಚಿದರೆ ಮೊದಲನೆಯ ಪ್ರಶ್ನೆ ನೌಕರಿ ಏನು, ಎರಡನೆಯದು ನೀವು ಯಾವ ಮಂದಿ. ಎರಡನೆಯದಕ್ಕೆ ಉತ್ತರ ಕೊಟ್ಟ ಕೂಡಲೇ ಕೆಲವರಿಗೆ ಆ ಮನೆ ಆಗಲೇ ಯಾರಿಗೋ ಹೋಗಿಬಿಟ್ಟಿರುತ್ತದೆ.

ಸುಣ್ಣಬಣ್ಣದ ರಾಯವ್ವನಿಗೆ ಇದು ಹೊಸದಲ್ಲ. ಗಂಡ ಶಟ್ಟೆಪ್ಪ ಏಣಿಯಿಂದ ಬಿದ್ದು ತೀರಿಕೊಂಡ ಮೇಲೆ ಅವನ ಬ್ರಶ್ಶು ಹಿಡಿದವಳು, ಇಪ್ಪತ್ತು ವರ್ಷದಿಂದ ಸಂಗೊಳ್ಳಿಯ ಮುಂಜಾನೆಯ ಬಸ್ಸಿಗೆ ಬಂದು ಇಂಥ ಮನೆಗಳನ್ನೇ ತಯಾರು ಮಾಡಿಕೊಡುತ್ತಿದ್ದಳು. ಹಿಂದಿನವರ ಒಗ್ಗರಣೆಯ ಕಲೆ, ಮಕ್ಕಳ ಗೀಚು, ತಲೆಯ ಎಣ್ಣೆ ಹತ್ತಿದ ಗೋಡೆ ಎಲ್ಲವನ್ನೂ ಕೆರೆದು, ತೂತಿಗೆ ಪುಟ್ಟಿ ತುಂಬಿ, ಎರಡು ಕೈ ಬಣ್ಣ ಹೊಡೆದು, ಅಲ್ಲಿ ಯಾರೂ ಬಾಳಿಯೇ ಇರಲಿಲ್ಲ ಎಂಬಂತೆ ಮಾಡುವುದು ಅವಳ ಕಸುಬು. ಅವಳು ತಯಾರು ಮಾಡಿದ ಮನೆಗಳಲ್ಲಿ ಅವಳಿಗೆ ಬಾಡಿಗೆಗೆ ಸಿಗುವಂಥದ್ದು ಒಂದೂ ಇರಲಿಲ್ಲ, ಅದು ಬೇರೆ ಮಾತು.

ಈ ಸಲ ಕರೆದವರು ಗೊಬ್ಬರದಂಗಡಿಯ ನಿಜಗುಣಪ್ಪ ಸಾಹುಕಾರರು. ತಾವಿರುವ ಮನೆಗೆ ಅಂಟಿಕೊಂಡಿದ್ದ ಎರಡು ಕೋಣೆಯ ಬಾಡಿಗೆ ಮನೆ ಎಂಟು ದಿನದಲ್ಲಿ ತಯಾರಾಗಬೇಕಿತ್ತು.

“ನೋಡ ರಾಯವ್ವಾ, ಹಿಂದಿನ ಮಂದಿ ಗ್ವಾಡಿ ತುಂಬ ಮೊಳಿ ಬಡದಾರ. ಒಂದೂ ಬಿಡದಂಗ ಕೀಳು. ಹೊಸಾ ಮೊಳಿ ಬಡಿಯಂಗಿಲ್ಲಂತ ಈ ಸಲ ಬಾಡಿಗಿ ಬಾಂಡಿನ್ಯಾಗ ಬರಿಸೇನಿ,” ಎಂದರು ನಿಜಗುಣಪ್ಪ.

ಅವರ ಹೆಂಡತಿ ಅನ್ನಪೂರ್ಣಾ ಚಹಾ ತಂದಳು, ಕಾಗದದ ಕಪ್ಪಿನಲ್ಲಿ. ಮೊದಲು ರಾಯವ್ವನಿಗೆಂದೇ ಹಿತ್ತಲ ಗೂಡಿನಲ್ಲಿ ಕಿವಿ ಮುರಿದ ಒಂದು ಕಪ್ಪು ಇರುತ್ತಿತ್ತು. ಈಗ ಕಾಗದದ ಕಪ್ಪು ಬಂದು ಎಲ್ಲರ ಮರ್ಯಾದೆಯನ್ನೂ ಉಳಿಸಿದೆ. ಯಾರೂ ಯಾರಿಗೂ ಏನೂ ಹೇಳುವ ಕೆಲಸವಿಲ್ಲ, ಕುಡಿದು ಎಸೆದರಾಯಿತು.

“ಯಾರ್ ಬರಾಕತ್ತಾರ್ರಿ ಅಕ್ಕಾರ ಈ ಮನಿಗೆ?” ಎಂದು ರಾಯವ್ವ ಕೇಳಿದಳು.

“ದವಾಖಾನಿ ನರ್ಸ್. ರಾಮದುರ್ಗದಿಂದ ವರ್ಗ ಆಗೇತಂತ. ರೇಣುಕಾ ಸಂಗೊಳ್ಳಿ ಅಂತ ಹೆಸರು. ಅಡ್ಡಹೆಸರು ಕೇಳಿನ ನಮ್ಮ ಮನ್ಯಾವರು ಖುಷಿ ಆದ್ರು. ಸಂಗೊಳ್ಳ್ಯಾಗ ನಮ್ಮ ಬೀಗರು ಅದಾರ, ನಮ್ಮ ಮಂದೀನ ಇರಬೇಕು ಅಂದ್ರು. ನಿನಗ ಗೊತ್ತೇನ ಆಕಿ?”

ಗೊತ್ತಿಲ್ಲದೆ ಏನು? ಒಂಬತ್ತು ತಿಂಗಳು ಹೊತ್ತವಳು ಅವಳೇ. ವರ್ಗವಾಗಿದೆ, ರಾತ್ರಿ ಪಾಳಿ ಇರುವುದರಿಂದ ಬೈಲಹೊಂಗಲದಲ್ಲೇ ಮನೆ ಬೇಕು ಎಂದು ಮಗಳು ಹೇಳಿದ್ದಳು. ಇದೇ ಮನೆ ಎಂದು ಹೇಳಿರಲಿಲ್ಲ. ಸಂಗೊಳ್ಳಿ ಎಂಬ ಅಡ್ಡಹೆಸರು ಊರಿನ ಎಲ್ಲ ಓಣಿಗಳಿಗೂ ಒಂದೇ ಎಂಬುದು ಸಾಹುಕಾರರಿಗೆ ಹೊಳೆದಿರಲಿಲ್ಲ. ಹಾಗಾಗಿ ಎರಡನೆಯ ಪ್ರಶ್ನೆ ಕೇಳುವುದನ್ನೇ ಮರೆತಿದ್ದರು.

“ಊರ ದೊಡ್ಡದು ಐತ್ರಿ,” ಎಂದಳು ರಾಯವ್ವ. ಬಾಯಿ ಬಿಟ್ಟರೆ ಬಣ್ಣಗೇಡು. ಬಾಯಿ ಮುಚ್ಚಿಕೊಂಡು ಗೋಡೆ ಕೆರೆಯತೊಡಗಿದಳು.

ಮಧ್ಯಾಹ್ನ ರೊಟ್ಟಿಯ ಗಂಟು ಬಿಚ್ಚುವ ಮೊದಲೇ ಮಗಳಿಗೆ ಫೋನ್ ಹಚ್ಚಿದಳು.

“ರೇಣೂ, ನೀ ಹಿಡದ ಮನಿಗೆ ನಾನ ಬಣ್ಣ ಹಚ್ಚಾಕತ್ತೇನಿ.”

“ಅವರಿಗೆ ನೀ ಗೊತ್ತೇನವ್ವಾ?”

“ಇಪ್ಪತ್ತು ವರ್ಸದಿಂದ. ಅವರ ದೇವರ ಕ್ವಾಣಿಗೂ ನಾನ ಹಚ್ಚೇನಿ.”

“ಹಂಗಾರ ಹಾಲು ಉಕ್ಕಸೂ ದಿನಾ ನೀ ಬರಬ್ಯಾಡವ್ವಾ,” ಎಂದಳು ರೇಣು. ದನಿ ಇಳಿದಿತ್ತು. “ನಾಕ ಮನ್ಯಾಗ ಇಲ್ಲ ಅನಿಸಿಕೊಂಡು ಬಂದೇನಿ. ನನಗೂ ಸಾಕಾಗೇತಿ. ಬಾಬಾಸಾಹೇಬರ ಫೋಟೋನೂ ಸದ್ಯಕ್ಕ ಊರಾಗ ಇರ್ಲಿ. ಎರಡ ತಿಂಗಳು ಹೋಗ್ಲಿ, ಆಮ್ಯಾಲ ನಾನ ಹೇಳತೇನಿ.”

ಆ ಫೋಟೋ ರೇಣುವಿಗೆ ನೌಕರಿಯ ಪತ್ರ ಬಂದ ದಿನ ರಾಯವ್ವ ಸವದತ್ತಿಯಲ್ಲಿ ಕಟ್ಟು ಹಾಕಿಸಿ ತಂದದ್ದು. ಮಗಳು ತನ್ನದೇ ಮನೆ ಹೂಡಿದ ದಿನ ಅಲ್ಲಿ ಮೊದಲು ಗೋಡೆ ಏರುವುದು ಅದೇ ಎಂದು ಅವತ್ತೇ ಮಾತಾಗಿತ್ತು. ಈಗ ಫೋಟೋವೂ ಬೇಡ, ತಾಯಿಯೂ ಬೇಡ. ರಾಯವ್ವನಿಗೆ ಸಿಟ್ಟು ನೆತ್ತಿಗೇರಿತು. ಮಗಳ ಮೇಲಲ್ಲ ಎಂದರೆ ಸುಳ್ಳಾದೀತು, ಮಗಳ ಮೇಲೂ ಬಂತು. ಆದರೆ ನಾಲ್ಕು ಬಾಗಿಲಲ್ಲಿ ಇಲ್ಲ ಅನಿಸಿಕೊಂಡ ಕೂಸಿನ ಮುಖ ಕಣ್ಣಿಗೆ ಬಂತು. ರೊಟ್ಟಿ ಕಟ್ಟಿಟ್ಟು ಇಕ್ಕಳ ಹಿಡಿದಳು.

ಕೋಣೆಗಳಲ್ಲಿದ್ದ ಹದಿನೆಂಟು ಮೊಳೆಗಳನ್ನು ಒಂದೊಂದೇ ಹಿರಿದು ಡಬ್ಬಿಗೆ ಎಸೆದಳು. ಹತ್ತೊಂಬತ್ತನೆಯದು ಪಡಸಾಲೆಯ ಗೋಡೆಯಲ್ಲಿ, ಬೀದಿಬಾಗಿಲಿಗೆ ನೇರ ಎದುರಿಗಿತ್ತು. ಕಿರುಬೆರಳಿನಷ್ಟು ದಪ್ಪ, ಹಿಂದಿನವರು ದೇವರ ಪಟ ತೂಗುಹಾಕಿದ್ದದ್ದು. ರಾಯವ್ವ ಅದನ್ನು ಇಕ್ಕಳದಲ್ಲಿ ಹಿಡಿದಳು. ಹಿಡಿದವಳು ಹಾಗೇ ಬಿಟ್ಟಳು. ಸಣ್ಣ ಬ್ರಶ್ಶು ತಗೊಂಡು ಅದರ ಸುತ್ತ ಅಚ್ಚುಕಟ್ಟಾಗಿ ಬಣ್ಣ ಹಚ್ಚಿದಳು.

ಕೆಲಸ ಮುಗಿದ ದಿನ ನಿಜಗುಣಪ್ಪ ಗೋಡೆಗಳ ಮೇಲೆ ಕೈಯಾಡಿಸುತ್ತ ಬಂದು ಅಲ್ಲಿ ನಿಂತರು. “ಇದೊಂದು ಯಾಕ ಬಿಟ್ಟಿ?”

“ಅದನ್ನ ಕಿತ್ರ ಗ್ವಾಡಿ ಗಿಲಾವ ಸುದ್ದಾ ಉದರತೈತ್ರಿ ಸಾವಕಾರ್ರ. ಬಂದವರು ಏನರ ಪಟಾ ಹಾಕ್ಕೋತಾರ, ಇರ್ಲಿ ಅಂತ ಬಿಟ್ಟೇನಿ.”

“ಹೌದೌದು. ದೇವರಿಗೊಂದು ಇರ್ಲಿ,” ಎಂದರು ಸಾಹುಕಾರರು.

ಹಾಲು ಉಕ್ಕಿಸುವ ದಿನ ರಾಯವ್ವ ಮಗಳ ಮದುವೆಗೆಂದು ತೆಗೆದಿಟ್ಟಿದ್ದ ಇಳಕಲ್ಲ ಸೀರೆ ಉಟ್ಟಳು. ಫೋಟೋವನ್ನು ಟವೆಲ್ಲಿನಲ್ಲಿ ಸುತ್ತಿ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದಳು. ಸಾಹುಕಾರರ ಓಣಿಗೆ ಬಂದಾಗ ಕಾಲು ರೂಢಿಯಂತೆ ಹಿತ್ತಲ ಕಡೆ ತಿರುಗಿತು. ಕಾಲಿಗೆ ಬೈದು ಬೀದಿಬಾಗಿಲಿಗೆ ಬಂದಳು. ಮಗಳು ತಾಯಿ ಎಂದು ಒಪ್ಪಿಕೊಂಡರೆ ಒಳಗೆ ಹೋಗುವುದು, ಇಲ್ಲವಾದರೆ ಒಂದು ಮಾತಾಡದೆ ತಿರುಗಿ ಬಸ್ಸು ಹತ್ತುವುದು ಎಂದು ಗಟ್ಟಿ ಮಾಡಿಕೊಂಡಿದ್ದಳು.

ಪಡಸಾಲೆಯಲ್ಲಿ ನಿಜಗುಣಪ್ಪ ಕುರ್ಚಿಯ ಮೇಲಿದ್ದರು. ಅನ್ನಪೂರ್ಣಾಳ ಕೈಯಲ್ಲಿ ಅರ್ಧ ಕುಡಿದ ಹಾಲಿನ ಸ್ಟೀಲ್ ಗ್ಲಾಸು.

“ಏನ ರಾಯವ್ವಾ, ಏನರ ಬಿಟ್ಟು ಹೋಗಿದ್ದೇನ? ಹಿತ್ತಲ ಕಡೆಯಿಂದ ಬಾ,” ಎಂದರು ಸಾಹುಕಾರರು.

“ಹಿತ್ತಲ ಕಡೆಯಿಂದ ಕೆಲಸಕ್ಕ ಬರತೇನ್ರಿ. ಇವತ್ತ ಕೆಲಸಕ್ಕ ಬಂದಿಲ್ಲ.”

“ಮತ್ತ್ಯಾತಕ್ಕ ಬಂದಿ?”

ರಾಯವ್ವ ಅಡುಗೆಮನೆಯ ಬಾಗಿಲಲ್ಲಿ ಹಾಲಿನ ಪಾತ್ರೆ ಹಿಡಿದು ನಿಂತ ರೇಣುವನ್ನು ನೋಡಿದಳು. ಅವಳು ತಾಯಿಯ ಸೀರೆ ನೋಡಿದಳು, ಬಗಲಲ್ಲಿದ್ದ ಟವೆಲ್ಲಿನ ಗಂಟು ನೋಡಿದಳು, ಆಮೇಲೆ ಎದುರುಗೋಡೆಯಲ್ಲಿ ಒಂಟಿಯಾಗಿ ನಿಂತ ಮೊಳೆ ನೋಡಿದಳು. ಪಾತ್ರೆ ಕೆಳಗಿಟ್ಟಳು.

“ನಮ್ಮವ್ವರಿ,” ಎಂದಳು. “ಒಳಗ ಬಾರವ್ವಾ.”

ರಾಯವ್ವ ಬಲಗಾಲಿಟ್ಟು ಒಳಗೆ ಬಂದಳು.

ನಿಜಗುಣಪ್ಪ ಎದ್ದು ನಿಂತರು. “ಇದನ್ನ ನೀವು ಮೊದಲ ಹೇಳಲಿಲ್ಲಲ್ಲ ಸಿಸ್ಟರ್!”

“ನೀವು ಕೇಳಲಿಲ್ರಿ. ನಾನೂ ಸುಮ್ನಿದ್ದೆ, ಅದು ನನ್ನ ತಪ್ಪು. ನಮ್ಮವ್ವಗ ಬರಬ್ಯಾಡ ಅಂದಿದ್ದೆ, ಅದು ಅದಕ್ಕೂ ದೊಡ್ಡ ತಪ್ಪು. ಇನ್ನ ಸುಮ್ನಿರಂಗಿಲ್ಲ.”

“ನಮಗ ಸರಿ ಹೊಂದಂಗಿಲ್ಲ ಇದು. ಬ್ಯಾರೆ ಮನಿ ನೋಡ್ಕೋರಿ.”

“ನೋಡ್ಕೋತೇನ್ರಿ, ಹನ್ನೊಂದ ತಿಂಗಳು ಆದ ಮ್ಯಾಲ. ಬಾಂಡಿನ್ಯಾಗ ನೀವ ಸಹಿ ಮಾಡೀರಿ.”

ಅನ್ನಪೂರ್ಣಾಳ ಕೈಯ ಗ್ಲಾಸು ಅಲ್ಲೇ ನಿಂತಿತ್ತು, ಬಾಯಿಗೂ ಹೋಗದೆ ಕೆಳಗೂ ಇಳಿಯದೆ. “ಕುಡೀರಿ ಅಕ್ಕಾರ. ಅದು ಕಾಗದದ್ದಲ್ಲ, ತೊಳದರ ಹೋಗತೈತಿ,” ಎಂದಳು ರಾಯವ್ವ. ಅನ್ನಪೂರ್ಣಾ ಗಂಡನ ಮುಖ ನೋಡಿ ಗ್ಲಾಸನ್ನು ಕಿಟಕಿಯಲ್ಲಿಟ್ಟಳು.

“ಇರ್ಲಿ ಬಿಡ್ರಿ. ಕುಡದಿದ್ದು ಹೊಟ್ಟ್ಯಾಗ ಐತಿ,” ಎಂದಳು ರಾಯವ್ವ ಮತ್ತೆ.

ರಾಯವ್ವ ಟವೆಲ್ಲು ಬಿಚ್ಚಿದಳು. ರೇಣು ಫೋಟೋವನ್ನು ಅವಳ ಕೈಯಿಂದ ತಗೊಂಡು, ಸಾಹುಕಾರರು ಬಿಟ್ಟೆದ್ದ ಕುರ್ಚಿಯನ್ನೇ ಗೋಡೆಗೆ ಎಳೆದುಕೊಂಡು ಹತ್ತಿದಳು.

“ಹೇ, ಗ್ವಾಡಿಗೆ ಮೊಳಿ ಬಡಿಯಂಗಿಲ್ಲಂತ ಬಾಂಡಿನ್ಯಾಗ ಐತಿ!” ನಿಜಗುಣಪ್ಪನವರ ದನಿ ಓಣಿಯ ತುದಿಗೆ ಕೇಳಿಸುವಂತಿತ್ತು.

“ಯಾರ್ ಬಡದಾರ್ರಿ ಸಾವಕಾರ್ರ?” ಎಂದಳು ರಾಯವ್ವ. “ಮೊಳಿ ನಿಮ್ಮ ಮನೀದು. ಇರ್ಲಿ ಅಂದವರೂ ನೀವ.”

ಸಾಹುಕಾರರು ಹೆಂಡತಿಗೆ “ನಡಿ” ಎಂದು ಹೇಳಿ ದಡದಡ ಮೆಟ್ಟಿಲಿಳಿದರು. ಎದುರು ಮನೆಯ ಕಟ್ಟೆಯ ಮೇಲೆ ಆಗಲೇ ನಾಲ್ಕು ಮಂದಿ ನಿಂತಿದ್ದರು.

“ಎಡಕ್ಕ ಒಂದೀಟು ಇಳಸು,” ಎಂದಳು ರಾಯವ್ವ, ದೂರ ಸರಿದು ಒಂದು ಕಣ್ಣು ಮುಚ್ಚಿ ಅಳತೆ ನೋಡುತ್ತ. “ಹಾಂ, ಈಗ ನೆಟ್ಟಗಾತು.”

ರೇಣು ಕುರ್ಚಿಯಿಂದ ಇಳಿದಳು. ಕಟ್ಟೆಯ ಮೇಲಿನ ಮಂದಿಯನ್ನು ನೋಡಿ ಬಾಗಿಲು ಮುಂದೆ ಮಾಡಲು ಹೋದಳು.

“ಮುಚ್ಚಬ್ಯಾಡವಾ,” ಎಂದಳು ರಾಯವ್ವ. ಗೋಡೆಗೊರಗಿ ನೆಲದ ಮೇಲೆ ಆರಾಮಾಗಿ ಕುಳಿತು ಕಾಲು ಚಾಚಿದಳು. “ಬಣ್ಣದ ವಾಸನಿ ಇನ್ನಾ ಹೋಗಿಲ್ಲ, ಗಾಳಿ ಆಡ್ಲಿ. ನನಗೂ ಒಂದ ಗ್ಲಾಸ್ ಹಾಲು ಕೊಡು.”